ಕಚ್ಚಿದ ಹಾವು ಯಾವ ಸೀಮೆಯದು?



ಘಟಿಕೋತ್ಸವದಲ್ಲಿ ಮಾತಾಡುವವರು ಕನಸು, ಗುರಿ, ದೇಶದ ಭವಿಷ್ಯ ಎಂದು ಶುರು ಮಾಡುವುದು ವಾಡಿಕೆ. ನಾನು ಹಾವಿನಿಂದ ಶುರು ಮಾಡುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ‘ವನ್ಯಜೀವಿ ಸಂಶೋಧನೆ ಮತ್ತು ವೈದ್ಯಕೀಯ’ ಎಂದು ದೊಡ್ಡದಾಗಿ ಅಚ್ಚಾಗಿದೆ. ಅಷ್ಟು ದೊಡ್ಡ ತಲೆಬರಹವನ್ನು ಹೊರುವ ಶಕ್ತಿ ನನಗಿಲ್ಲ. ವಿಜ್ಞಾನದ ಸುದ್ದಿಯನ್ನು ಕನ್ನಡದಲ್ಲಿ ಬರೆದು ಬದುಕಿದವನು ನಾನು. ಈ ಸಭಾಂಗಣದಲ್ಲಿ ಒಂದು ಕಡೆ ವೈದ್ಯರು, ಶುಶ್ರೂಷಕರು, ಇನ್ನೊಂದು ಕಡೆ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಅರಣ್ಯಶಾಸ್ತ್ರ ಓದಿದವರು ಕುಳಿತಿದ್ದೀರಿ. ಎರಡೂ ಕಡೆಯವರಿಗೆ ಒಟ್ಟಿಗೆ ಸಲ್ಲುವ ವಿಷಯ ಹುಡುಕಿದಾಗ ನನಗೆ ಹಾವಿನ ಕಡಿತಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಮೊದಲು ಒಂದು ಲೆಕ್ಕ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ. ಕಾಲುಭಾಗಕ್ಕಿಂತ ಹೆಚ್ಚಿನವರು 15 ವರ್ಷ ತುಂಬದ ಮಕ್ಕಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಅರ್ಧದಷ್ಟು ಸಾವು. ಈ ಲೆಕ್ಕ ಆಸ್ಪತ್ರೆಯ ಪುಸ್ತಕದಿಂದ ಬಂದದ್ದಲ್ಲ; ಸಾವು ಸಂಭವಿಸಿದ ಮನೆಗಳಿಗೆ ಹೋಗಿ, ಮನೆಯವರನ್ನು ಕೂರಿಸಿಕೊಂಡು, ಹೇಗಾಯಿತು ಎಂದು ಕೇಳಿ ಬರೆದುಕೊಂಡದ್ದರಿಂದ ಬಂದದ್ದು. ಯಾಕೆಂದರೆ ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆ ಕಂಡವರೇ ಅಲ್ಲ. ಹಳ್ಳಿಯ ಮನೆಯಲ್ಲೋ ದಾರಿಯಲ್ಲೋ ಮುಗಿದ ಜೀವ ಸರ್ಕಾರದ ಪಟ್ಟಿಗೆ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಹಣವೂ ಇಲ್ಲ, ಔಷಧವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಸಾಲಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಇದನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ಅಂದರೆ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು. ಈ ಕೆಲಸ ಮಾಡಿದ ಮೊದಲ ರಾಜ್ಯ ನಮ್ಮದು. ಹೆಮ್ಮೆಪಡಿ, ಆದರೆ ಆ ವರದಿ ಬರೆಯುವ ಕೈ ನಿಮ್ಮದೇ ಎಂಬುದನ್ನೂ ನೆನಪಿಡಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಔಷಧದ ಕಥೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿದ. ಪ್ರಾಣಿಯೊಂದಕ್ಕೆ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತ, ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಆ ಪ್ರತಿಕಾಯಗಳನ್ನು ಬೇರ್ಪಡಿಸಿ ಮನುಷ್ಯನಿಗೆ ಕೊಡುವುದು. ಇವತ್ತಿಗೂ ಮೂಲ ಉಪಾಯ ಅದೇ. ನಮ್ಮಲ್ಲಿ ಅದು ಕುದುರೆಯ ರಕ್ತದಿಂದ ಬರುತ್ತದೆ. ಆಸ್ಪತ್ರೆಗಳಲ್ಲಿ ಎಎಸ್‌ವಿ ಎನ್ನುತ್ತಾರೆ. ಶುಶ್ರೂಷಕರಿಗೆ ಗೊತ್ತು, ಅದನ್ನು ಏರಿಸುವಾಗ ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್ ಸಿದ್ಧವಿರಬೇಕು. ಕುದುರೆಯ ಪ್ರೋಟೀನಿಗೆ ಕೆಲವರ ದೇಹ ಸಿಡಿದೇಳುತ್ತದೆ. ಇನ್ನೊಂದು ವಿಚಿತ್ರ: ಮಗುವಿಗೂ ದೊಡ್ಡವರಿಗೂ ಡೋಸು ಒಂದೇ. ಹಾವು ವಯಸ್ಸು ನೋಡಿ ವಿಷ ಇಳಿಸುವುದಿಲ್ಲವಲ್ಲ.

ಭಾರತದ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ವಿಷ ಬಹುಕಾಲದಿಂದ ಹೆಚ್ಚಾಗಿ ಬರುತ್ತಿರುವುದು ಒಂದೇ ಕಡೆಯಿಂದ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಅದು. ಚರ್ಮಕ್ಕಾಗಿ ಹಾವು ಕೊಲ್ಲುತ್ತಿದ್ದ ಕಸುಬಿಗೆ ಕಾನೂನು ಬೀಗ ಹಾಕಿದ ಮೇಲೆ, ಅದೇ ಕೈಚಳಕವನ್ನು ಜೀವ ಉಳಿಸುವ ಕೆಲಸಕ್ಕೆ ತಿರುಗಿಸಿದವರು ಇರುಳರು. ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಬಿಡುತ್ತಾರೆ. ಅವರಿಗೆ ಈ ದೇಶ ಎಷ್ಟು ಋಣಿ ಎಂದು ಯಾವ ಘಟಿಕೋತ್ಸವದಲ್ಲೂ ನಾನು ಕೇಳಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ತೊಡಕು ಇರುವುದು ಅವರ ಕೆಲಸದಲ್ಲಲ್ಲ. ತಮಿಳುನಾಡಿನ ಹೊಲದ ಹಾವಿನ ವಿಷದಿಂದ ಮಾಡಿದ ಔಷಧವನ್ನು ರಾಜಸ್ಥಾನದ ಮರಳಿನಲ್ಲಿ, ಬಂಗಾಳದ ಗದ್ದೆಯಲ್ಲಿ ಕಚ್ಚಿಸಿಕೊಂಡವರಿಗೂ ಕೊಡುತ್ತಿದ್ದೇವೆ. ವಿಷ ಅನ್ನುವುದು ಒಂದು ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ಸಾರಿನ ಪುಡಿಯ ಹಾಗೆ: ಹೆಸರು ಒಂದೇ, ಮಂಡ್ಯದ ಡಬ್ಬಿಯಲ್ಲಿರುವುದು ಬೇರೆ, ಉಡುಪಿಯದು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಾಲಯ ಕೆಲವು ವರ್ಷಗಳಿಂದ ಈ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದೆ. ಒಂದೇ ಜಾತಿಯ ನಾಗರಹಾವು, ಒಂದೇ ಜಾತಿಯ ಕೊಳಕುಮಂಡಲ, ಸೀಮೆ ಬದಲಾದಂತೆ ವಿಷದ ಪಾಕವೂ ಬದಲಾಗುತ್ತದೆ; ಕೆಲವು ಪ್ರದೇಶಗಳ ವಿಷದ ಎದುರು ಮಾರುಕಟ್ಟೆಯ ಎಎಸ್‌ವಿ ಇರಬೇಕಾದ್ದಕ್ಕಿಂತ ದುರ್ಬಲ ಎಂದು 2021ರಲ್ಲಿ ಅವರು ತೋರಿಸಿದರು. 2025ರಲ್ಲಿ ಇನ್ನೊಂದು ಪ್ರಬಂಧ ಬಂತು. ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ, ಆಯಾ ಊರಿನ ಮಳೆ, ಬಿಸಿಲಿನ ಲೆಕ್ಕದ ಜೊತೆ ಹೋಲಿಸಿದರು. ಒಣ ಸೀಮೆಯ ಹಾವುಗಳ ವಿಷದಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು. ಅಂದರೆ ನಕ್ಷೆ ನೋಡಿ, ಇಲ್ಲಿ ಕಚ್ಚಿದರೆ ದೇಹದಲ್ಲಿ ಏನಾದೀತು ಎಂದು ಸ್ವಲ್ಪಮಟ್ಟಿಗೆ ಮೊದಲೇ ಹೇಳಬಹುದು.

ಇದು ಹೊಸ ಸಂಶೋಧನೆ ಹೌದು, ಹೊಸ ಎಚ್ಚರಿಕೆಯಲ್ಲ. ಕಾಲ್ಮೆಟ್‌ನ ಔಷಧ ತನ್ನ ದೇಶದ ಹಾವುಗಳಿಗೆ ನಾಟುವುದಿಲ್ಲ ಎಂದು ಬ್ರೆಜಿಲ್‌ನ ವೈದ್ಯ ವಿಟಾಲ್ ಬ್ರಾಜಿಲ್ ನೂರು ವರ್ಷಕ್ಕೂ ಹಿಂದೆಯೇ ತೋರಿಸಿ, ಆಯಾ ಹಾವಿಗೆ ಆಯಾ ಔಷಧವೇ ಬೇಕು ಎಂದು ಸಾರಿದ್ದ. ಕೇಳಿಸಿಕೊಳ್ಳಲು ನಾವು ಇಷ್ಟು ಹೊತ್ತು ಮಾಡಿದೆವು. ಹಾಗೆಂದು ಇಲ್ಲಿಂದ ಹೋಗಿ ‘ಎಎಸ್‌ವಿ ಕೆಲಸಕ್ಕೆ ಬಾರದು’ ಎಂದು ಯಾರೂ ಹೇಳಬೇಡಿ. ಇವತ್ತು ವಿಷ ಏರಿದವರನ್ನು ಉಳಿಸಬಲ್ಲ, ಪರೀಕ್ಷೆಯಲ್ಲಿ ಗೆದ್ದ ಔಷಧ ಅದೊಂದೇ. ನಾಟಿ ಔಷಧಕ್ಕೆ, ಮಂತ್ರ ಹಾಕಿಸಲು ಓಡಿ ಕಳೆದುಕೊಳ್ಳುವ ಎರಡು ಗಂಟೆಯೇ ಎಷ್ಟೋ ಸಲ ಸಾವಿಗೂ ಬದುಕಿಗೂ ಇರುವ ಅಂತರ.

ಹಾವಿನ ಜಾತಿ ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆಯಿದೆ. ಮೂಗಿನ ತುದಿ ಮೇಲಕ್ಕೆ ತಿರುಗಿದ ಒಂದು ಸಣ್ಣ ಗುಳಿಮಂಡಲವಿದೆ. ನಮ್ಮ ಪಶ್ಚಿಮಘಟ್ಟದ ತೋಟಗಳಲ್ಲೂ ತರಗೆಲೆಯ ನಡುವೆ ಮಲಗಿರುತ್ತದೆ. ಅದು ಕಚ್ಚಿದರೆ ಊತ, ನೋವು, ಅಷ್ಟೇ ಎಂದು ನಂಬಿದ್ದರು. ಕೇರಳದ ಆಸ್ಪತ್ರೆಗೆ ರೋಗಿಗಳು ತಂದ ಹಾವುಗಳನ್ನು ಬಲ್ಲವರು ಕೂತು ಪರೀಕ್ಷಿಸಿದಾಗ, ಗರಗಸ ಮಂಡಲ ಎಂದು ಬರೆದುಕೊಂಡದ್ದರಲ್ಲಿ ಈ ಗುಳಿಮಂಡಲವೂ ಇತ್ತು. ಅದರಿಂದ ರಕ್ತ ಹೆಪ್ಪುಗಟ್ಟುವುದೇ ನಿಲ್ಲಬಹುದು, ಜೀವವೇ ಹೋಗಬಹುದು ಎಂದು 2007ರಲ್ಲಿ ಪ್ರಕಟವಾಯಿತು. ನಮ್ಮ ಎಎಸ್‌ವಿ ಅದರ ವಿಷಕ್ಕೆ ಮಾಡಿದ್ದೇ ಅಲ್ಲ. ಸಿಗದ ಗುಣಕ್ಕಾಗಿ ರೋಗಿಗೆ ಕುದುರೆಯ ಪ್ರೋಟೀನಿನ ಅಪಾಯವನ್ನೂ ಸೇರಿಸಿ ಕೊಟ್ಟಂತಾಗಿತ್ತು. ಒಂದು ಹಾವಿನ ತಲೆಯ ಮೇಲಿನ ಹುರುಪೆಗಳನ್ನು ಸರಿಯಾಗಿ ನೋಡಿದ್ದರಿಂದ ಚಿಕಿತ್ಸೆಯ ಪಾಠ ಬದಲಾಯಿತು. ಪ್ರಾಣಿಶಾಸ್ತ್ರದ ಪದವೀಧರರೇ, ‘ಇದನ್ನು ಓದಿ ಏನು ಕೆಲಸ ಸಿಗುತ್ತದೆ’ ಎಂದು ಕೇಳುವ ನೆಂಟರಿಗೆ ಈ ಕಥೆ ಹೇಳಿ.

ಕಟ್ಟುಹಾವಿನದು ಬೇರೆಯೇ ರೀತಿ. ರಾತ್ರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು, ಕೊನೆಗೆ ಉಸಿರು. ಅದರ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ, ತಡವಾದ ಮೇಲೆ ಎಎಸ್‌ವಿ ಕೊಟ್ಟರೂ ಆದ ಹಾನಿ ಹಿಂದಕ್ಕೆ ಬರುವುದಿಲ್ಲ. ನರ ಚಿಗುರುವವರೆಗೆ ಯಂತ್ರದಿಂದ ಉಸಿರು ಕೊಡುತ್ತ ಕಾಯಬೇಕು. ಹೊಟ್ಟೆನೋವೆಂದು ಬಂದ ಹುಡುಗನಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವ ಮೊದಲು ರಾತ್ರಿ ಎಲ್ಲಿ ಮಲಗಿದ್ದೆ ಎಂದು ಕೇಳಿ. ಇದಕ್ಕೆ ತಡೆ ಏನು? ಸೊಳ್ಳೆಪರದೆ. ನೇಪಾಳದ ಆಗ್ನೇಯ ತರಾಯಿಯಲ್ಲಿ ನಡೆದ ಅಧ್ಯಯನದಲ್ಲಿ ಪರದೆಯೊಳಗೆ ಮಲಗುವವರಿಗೆ ಕಡಿತ ಕಡಿಮೆ ಎಂದು ಕಂಡಿತ್ತು. ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿದರಾಯಿತು.

ಹಾವು ಎಲ್ಲಿರುತ್ತದೆ ಎಂದು ತಿಳಿಯುವುದೂ ವೈದ್ಯಕೀಯವೇ. ಹುಣಸೂರು ತಾಲ್ಲೂಕಿನಲ್ಲಿ ಕೊಳಕುಮಂಡಲಗಳ ದೇಹದಲ್ಲಿ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಹೊಲ, ಬದು, ಬೇಲಿಗಳಲ್ಲಿ ಹಿಂಬಾಲಿಸಿದ್ದಾರೆ. ಅವು ನಮಗೆ ಎಷ್ಟು ಹತ್ತಿರ ಬದುಕುತ್ತವೆ ಎಂದು ತಿಳಿದರೆ, ಕಚ್ಚದೇ ಬಿಡುವ ಸಲಗಳೇ ಎಷ್ಟು ಹೆಚ್ಚು ಎಂದು ಬೆರಗಾಗುತ್ತದೆ.

ಆಗುಂಬೆಯ ಕಾಳಿಂಗದ ಮಾತು ಬಿಟ್ಟರೆ ಮಲೆನಾಡಿನವರು ಸುಮ್ಮನಿರಲಾರರು. 1836ರಲ್ಲಿ ಕ್ಯಾಂಟರ್ ಎಂಬ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟಂದಿನಿಂದ ಕಾಳಿಂಗ ಸರ್ಪ ಒಂದೇ ಜಾತಿ ಎಂದಿತ್ತು. 2024ರಲ್ಲಿ ಹಾವುಗಳ ಸಂಶೋಧಕ ಗೌರಿ ಶಂಕರ್ ಮತ್ತು ಸಂಗಡಿಗರು ಅದನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮಘಟ್ಟದ್ದು ಈಗ ಓಫಿಯೊಫೇಗಸ್ ಕಾಳಿಂಗ. ವರ್ಗೀಕರಣದ ಈ ಸಂಗತಿಗೆ ವೈದ್ಯರು ಯಾಕೆ ಕಿವಿಗೊಡಬೇಕು? ಭಾರತದ ಎಎಸ್‌ವಿಯಲ್ಲಿ ಕಾಳಿಂಗಕ್ಕೆ ಮದ್ದಿಲ್ಲ; ಥಾಯ್ಲೆಂಡಿನಲ್ಲಿ ತಯಾರಾಗುವುದು ಅಲ್ಲಿನ ಹಾವಿನ ವಿಷದಿಂದ. ಪುಣ್ಯಕ್ಕೆ ಕಾಳಿಂಗ ಮನುಷ್ಯರನ್ನು ಕಚ್ಚುವುದು ಬಲು ಅಪರೂಪ.

ಹಾಗಾದರೆ ಕುದುರೆಯನ್ನು ದಾಟುವ ದಾರಿ ಇಲ್ಲವೇ? ಇದೆ, ಮತ್ತು ಈಚಿನ ಎರಡು ಮೂರು ವರ್ಷಗಳಲ್ಲಿ ಅದು ಚುರುಕಾಗಿದೆ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ, ಪ್ರಯೋಗಾಲಯದಲ್ಲೇ ರೂಪಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ನಾಗರ, ಮಾಂಬಾದಂಥ ಹಾವುಗಳ ಒಂದು ಬಗೆಯ ನರವಿಷವನ್ನು ಅದು ಇಲಿಗಳಲ್ಲಿ ತಡೆಯಿತು. ಮಂಡಲದ ವಿಷಕ್ಕೆ ಅದು ಮದ್ದಲ್ಲ. 2025ರಲ್ಲಿ, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ ಪುಟ್ಟ ಪ್ರೋಟೀನುಗಳಿಂದ ಇಂಥದೇ ವಿಷವನ್ನು ಹಿಡಿಯಿತು. ಅದೇ ವರ್ಷ, ಸ್ವಂತ ಇಚ್ಛೆಯಿಂದ ವರ್ಷಗಟ್ಟಲೆ ವಿಷ ಚುಚ್ಚಿಸಿಕೊಂಡು, ಹಾವುಗಳಿಂದಲೂ ಕಚ್ಚಿಸಿಕೊಂಡ ಅಮೆರಿಕದ ಟಿಮ್ ಫ್ರೀಡೆ ಎಂಬಾತನ ರಕ್ತದಿಂದ ಪ್ರತಿಕಾಯ ತೆಗೆದು, 19 ಹಾವುಗಳ ವಿಷದ ಎದುರು ಇಲಿಗಳಲ್ಲಿ ಪರೀಕ್ಷಿಸಿದರು. ಪಿಎಚ್‌ಡಿ ಬೇಗ ಮುಗಿಯಲಿ ಎಂದು ನೀವು ಯಾರೂ ಇದನ್ನು ಅನುಸರಿಸಬೇಡಿ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇವುಗಳಿಗಿಂತ ಸಾದಾ ಆದ ಒಂದು ಮಾತ್ರೆ. ವರೆಸ್ಪ್ಲಾಡಿಬ್ ಎಂಬ ಅದನ್ನು ಬೇರೆ ಕಾಯಿಲೆಗಳಿಗೆಂದು ತಯಾರಿಸಿದ್ದರು. ಹಲವು ಹಾವುಗಳ ವಿಷದಲ್ಲಿರುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಭಾರತ ಮತ್ತು ಅಮೆರಿಕದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಟ್ಟಾರೆ ಅಂದುಕೊಂಡ ಫಲ ಬರಲಿಲ್ಲ, ಆದರೆ ಬೇಗ ನುಂಗಿದವರಲ್ಲಿ ಉಪಯೋಗದ ಸುಳಿವು ಸಿಕ್ಕಿತು. ಬೇಗ ಎನ್ನುವುದೇ ಇಲ್ಲಿ ಮುಖ್ಯ. ಹೊಲದಲ್ಲೇ ನುಂಗಬಹುದಾದ ಮಾತ್ರೆ ಆಂಬುಲೆನ್ಸಿಗಿಂತ ಮೊದಲು ತಲುಪುತ್ತದೆ.

ವಿಷದಿಂದಲೇ ಔಷಧ ಹುಟ್ಟುವುದೂ ಉಂಟು. ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ಬ್ರೆಜಿಲ್‌ನ ಒಂದು ಮಂಡಲದ ವಿಷದ ಅಧ್ಯಯನದಿಂದ ಬಂತು. ಹೃದಯಾಘಾತವಾದವರಿಗೆ ಕೊಡುವ ಟೈರೋಫಿಬಾನ್‌ನ ಹಿಂದೆ ಗರಗಸ ಮಂಡಲದ ವಿಷದ ಪ್ರೋಟೀನಿದೆ.

ಇನ್ನು ನಿಮ್ಮ ಕೆಲಸ. ಅರಣ್ಯ ಇಲಾಖೆ ಸೇರುವವರು ಕೇಳಿ. ಬೇರೆ ಬೇರೆ ಸೀಮೆಗಳಲ್ಲಿ ವಿಷ ಸಂಗ್ರಹ ಆಗದೆ ಔಷಧ ಸುಧಾರಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಅನುಮತಿ ಬೇಕು. ಕಾಯ್ದೆ ಇರಲಿ, ಇರಲೇಬೇಕು. ಆದರೆ ಅಂಥ ಕಡತ ನಿಮ್ಮ ಮೇಜಿಗೆ ಬಂದಾಗ ಅದು ಅಲ್ಲೇ ಮಲಗದಿರಲಿ. ವೈದ್ಯರೇ, ಕಚ್ಚಿದ ಹಾವನ್ನು ಕೊಂದು ತನ್ನಿ ಎಂದು ಯಾರಿಗೂ ಹೇಳಬೇಡಿ. ಹಾಗೆ ತರಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುತ್ತಾರೆ. ದೂರದಿಂದ ತೆಗೆದ ಫೋಟೊ ಇದ್ದರೆ ಸಾಕು. ಅದೂ ಇಲ್ಲದಿದ್ದರೆ, ವರದಿಯಲ್ಲಿ ಹಾವಿನ ಹೆಸರನ್ನು ಊಹಿಸಿ ತುಂಬಬೇಡಿ, ‘ಗೊತ್ತಿಲ್ಲ’ ಎಂದೇ ಬರೆಯಿರಿ. ಊರು, ಹೊಲವೋ ಮನೆಯೋ, ಕಚ್ಚಿದ ಹೊತ್ತು, ಇವನ್ನು ಮಾತ್ರ ಬಿಡದೆ ಬರೆಯಿರಿ. ಮುಂದಿನ ಔಷಧ ಎಲ್ಲಿಯ ವಿಷದಿಂದ ಆಗಬೇಕು ಎಂಬುದು ಆ ಸಾಲುಗಳಿಂದಲೇ ತೀರ್ಮಾನವಾಗುತ್ತದೆ.

ಮತ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಜರಾದ ವಾರದಲ್ಲೇ ಸ್ಟೋರಿನಲ್ಲಿ ಗಾಜಿನ ಪ್ರನಾಳವಿದೆಯೇ ನೋಡಿ. ಎರಡು ಮಿಲಿಲೀಟರ್ ರಕ್ತ, ಒಣಗಿದ ಸ್ವಚ್ಛ ನಳಿಕೆ, 20 ನಿಮಿಷ ಅಲುಗಾಡಿಸದೆ ಇಟ್ಟು ಓರೆಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ಲೆಕ್ಕ, ಎಎಸ್‌ವಿ ಶುರು ಮಾಡಿ. ಪ್ಲಾಸ್ಟಿಕ್ ನಳಿಕೆಯಲ್ಲಿ ಈ ಪರೀಕ್ಷೆಯನ್ನು ನಂಬಲಾಗದು. ಸ್ಟೋರಿನಲ್ಲಿ ಗಾಜಿನದು ಇಲ್ಲ ಎಂದರೆ ಅವತ್ತೇ ಇಂಡೆಂಟ್ ಹಾಕಿ. ಮಳೆಗಾಲಕ್ಕೆ ಮುಂಚೆ ಬರಲಿ.