ಗೋಡೆ ಕೊರೆದವರು ಯಾರು, ಮುಚ್ಚುವವರು ಯಾರು?

ಇಂದು ಪದವಿ ಸ್ವೀಕರಿಸಿದ ವಾಸ್ತುಶಿಲ್ಪ, ಸಿವಿಲ್, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ವಿಭಾಗಗಳ ಗೆಳೆಯರೇ,

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡರು. ನಿಮ್ಮಲ್ಲಿ ಹೆಚ್ಚಿನವರು ಆಗ ಪ್ರಾಥಮಿಕ ಶಾಲೆಯಲ್ಲಿದ್ದಿರಬೇಕು. ಬೆಂಕಿ ಹತ್ತಿದ್ದು ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ. ಜ್ವಾಲೆ ಇಡೀ ಕಟ್ಟಡವನ್ನು ನುಂಗಲಿಲ್ಲ. ಹೊಗೆ ಮೇಲೇರಿ ಮಹಡಿಗಳನ್ನು ತುಂಬಿತು. ಉಸಿರಾಡಲಾಗದ ಜನ ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಮುಂದೆ ನಿಂತು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿದರು. ಅಗ್ನಿ ಸುರಕ್ಷತೆಯ ಬಗ್ಗೆ ನಮ್ಮ ಊರಿನಲ್ಲಿ ಇವತ್ತು ಒಂದಿಷ್ಟಾದರೂ ಮಾತು ನಡೆಯುತ್ತಿದ್ದರೆ ಅದರ ಹಿಂದೆ ಅಂಥ ಕುಟುಂಬಗಳ ದುಃಖವಿದೆ.

ಅದಾದ ಮರುವರ್ಷ, 2011ರ ಡಿಸೆಂಬರ್ 9ರ ನಸುಕಿನಲ್ಲಿ, ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ವಾಹನ ನಿಲ್ಲಿಸಬೇಕಿದ್ದ ಜಾಗದಲ್ಲಿ ಸುಡುವ ಸಾಮಾನು ತುಂಬಿಸಿಟ್ಟಿದ್ದರು. ಎ.ಸಿ. ಡಕ್ಟ್‌ಗಳ ದಾರಿಯಲ್ಲಿ ಹೊಗೆ ವಾರ್ಡುಗಳಿಗೆ ಹೊಕ್ಕಿತು. ಸುಮಾರು 90 ಜನ ತೀರಿಕೊಂಡರು. ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳು. ಅವರ ಮೈಮೇಲೆ ಸುಟ್ಟ ಗಾಯವಿರಲಿಲ್ಲ, ಉಸಿರುಕಟ್ಟಿ ಹೋದರು. ಕೇರಳದ ಇಬ್ಬರು ಯುವ ನರ್ಸ್‌ಗಳು ಎಂಟು ಮಂದಿ ರೋಗಿಗಳನ್ನು ಹೊರಗೆ ಸಾಗಿಸಿ, ಇನ್ನೊಬ್ಬರಿಗಾಗಿ ಒಳಗೆ ಹೋದವರು ಮತ್ತೆ ಬರಲಿಲ್ಲ. ಅದಕ್ಕೂ ಮುಂಚೆ, 1997ರ ಜೂನ್ 13ರಂದು, ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಿದ್ದರು. ಬೆಂಕಿ ಇದ್ದದ್ದು ಕೆಳಗೆ, ಟ್ರಾನ್ಸ್‌ಫಾರ್ಮರ್ ಬಳಿ. ಜನ ಸತ್ತದ್ದು ಮೇಲೆ, ಬಾಲ್ಕನಿಯಲ್ಲಿ.

ಮೂರೂ ಕಡೆ ಬೆಂಕಿ ಒಂದು ಕಡೆ, ಸಾವು ಇನ್ನೊಂದು ಕಡೆ. ಇವೆರಡರ ನಡುವೆ ಒಂದು ದಾರಿ ಇತ್ತು. ಆ ದಾರಿಯನ್ನು ಮಾಡಿಕೊಟ್ಟವರು ಕಟ್ಟಡ ಕಟ್ಟಿದವರು, ಅಂದರೆ ನಮ್ಮ ವೃತ್ತಿಯವರು. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ದಾರಿಯ ಬಗ್ಗೆ ಮತ್ತು ಅದನ್ನು ಮುಚ್ಚಲೆಂದೇ ಇರುವ ಡ್ಯಾಂಪರ್ ಎಂಬ ಕಬ್ಬಿಣದ ಚೌಕಟ್ಟಿನ ಬಗ್ಗೆ.

ಬೆಂಕಿಯಿಂದ ಕಾಪಾಡುವ ವ್ಯವಸ್ಥೆಗಳಲ್ಲಿ ಕೆಲವು ಎದ್ದು ಕೆಲಸ ಮಾಡುವಂಥವು. ಸ್ಪ್ರಿಂಕ್ಲರ್, ಪಂಪು, ಅಲಾರಂ ಆ ಸಾಲಿನವು. ಅವಕ್ಕೆ ನೀರು ಬೇಕು, ಕರೆಂಟು ಬೇಕು. ಇನ್ನು ಕೆಲವು ಸುಮ್ಮನೆ ನಿಂತೇ ಕಾಯುವಂಥವು: ಗೋಡೆ, ಸ್ಲ್ಯಾಬ್, ಬೆಂಕಿ ತಡೆಯುವ ಬಾಗಿಲು. ಕಟ್ಟಡವನ್ನು ಕೋಣೆಕೋಣೆಯಾಗಿ ಬೇರ್ಪಡಿಸಿ, ಒಂದರಲ್ಲಿ ಹುಟ್ಟಿದ ಬೆಂಕಿಯನ್ನು ಅಲ್ಲೇ ಹಿಡಿದಿಡುವುದು ಇವುಗಳ ಕೆಲಸ. ನಕ್ಷೆಯಲ್ಲಿ ಆ ಗೋಡೆಯ ಪಕ್ಕ ‘120 ನಿಮಿಷ’ ಎಂದು ಬರೆಯುತ್ತೇವೆ. ಎರಡು ಗಂಟೆ ತಡೆಯುತ್ತದೆ ಎಂದು ನಾವು ಕೊಡುವ ಮಾತು ಅದು. ಆಮೇಲೆ ಅದೇ ಗೋಡೆಗೆ ಡಕ್ಟ್ ಬಂತೆಂದು ಒಂದು ತೂತು, ಕೇಬಲ್ ಟ್ರೇ ಬಂತೆಂದು ಇನ್ನೊಂದು, ಕಟ್ಟಡ ಮುಗಿದ ಎರಡು ವರ್ಷಕ್ಕೆ ಇಂಟರ್‌ನೆಟ್‌ನವರು ಬಂದು ಮತ್ತೊಂದು ಕೊರೆಯುತ್ತಾರೆ. ತೂತು ತೆರೆದೇ ಉಳಿದರೆ ಗೋಡೆಯ 120 ನಿಮಿಷಕ್ಕೆ ಬೆಲೆಯಿಲ್ಲ.

ಡಕ್ಟ್ ಯಾಕೆ ಅಷ್ಟು ಅಪಾಯಕಾರಿ ಎಂಬುದನ್ನು ಮೆಕ್ಯಾನಿಕಲ್‌ನವರು ಸುಲಭವಾಗಿ ಲೆಕ್ಕ ಹಾಕಬಹುದು. ಮುಖ್ಯ ಡಕ್ಟ್‌ನಲ್ಲಿ ಗಾಳಿ ಸೆಕೆಂಡಿಗೆ 6 ಮೀಟರ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. 60 ಮೀಟರ್ ಆಚೆಯ ಕೋಣೆಗೆ ಹೊಗೆ ತಲುಪಲು 10 ಸೆಕೆಂಡು ಸಾಕು. ಫ್ಯಾನು ನಿಲ್ಲಿಸದಿದ್ದರೆ ನಾವೇ ಕರೆಂಟು ಖರ್ಚು ಮಾಡಿ ಹೊಗೆಯನ್ನು ಹಂಚಿದಂತಾಗುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ.

ಗೋಡೆಗೆ ಡ್ಯಾಂಪರ್ ಎಂದರೆ ಕೆರೆ ಏರಿಗೆ ತೂಬು ಇದ್ದಂತೆ. ದಿನವೂ ಹರಿಯಬಿಡಬೇಕು, ಮುಚ್ಚಬೇಕಾದಾಗ ಬಿಗಿಯಾಗಿ ಮುಚ್ಚಬೇಕು. ಸಾದಾ ಫೈರ್ ಡ್ಯಾಂಪರ್‌ನಲ್ಲಿ ಉಕ್ಕಿನ ಬ್ಲೇಡ್‌ಗಳು ಮೇಲುಗಡೆ ಮಡಚಿಕೊಂಡಿರುತ್ತವೆ. ಅವನ್ನು ಹಿಡಿದಿರುವುದು ಹೆಬ್ಬೆರಳಿನಷ್ಟು ಉದ್ದದ ಫ್ಯೂಸಿಬಲ್ ಲಿಂಕ್: ಎರಡು ಲೋಹದ ತುಂಡು, ನಡುವೆ ಬೆಸುಗೆ. ಸುಮಾರು 72 ಡಿಗ್ರಿಗೆ ಆ ಬೆಸುಗೆ ಕರಗುತ್ತದೆ, ಲಿಂಕ್ ಬಿಟ್ಟುಕೊಳ್ಳುತ್ತದೆ, ಬ್ಲೇಡ್‌ಗಳು ಧಡ್ ಎಂದು ಬಿದ್ದು ದಾರಿ ಮುಚ್ಚುತ್ತವೆ. ಕರೆಂಟು ಬೇಡ, ಮನುಷ್ಯ ಬೇಡ.

ಇಲ್ಲೊಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಹೊಗೆ ದೂರ ಹೋದಷ್ಟೂ ತಣ್ಣಗಾಗುತ್ತದೆ. 40 ಡಿಗ್ರಿಯ ಹೊಗೆಯೂ ಕೊಲ್ಲಬಲ್ಲದು. ಆದರೆ 72 ಡಿಗ್ರಿಗೆ ಕರಗುವ ಲಿಂಕ್‌ಗೆ ಅದು ಹಾದುಹೋದದ್ದೇ ತಿಳಿಯುವುದಿಲ್ಲ. ಬೆಂಕಿ ಹತ್ತಿರ ಬಂದು ಲಿಂಕ್ ಕರಗುವ ಹೊತ್ತಿಗೆ ಮೇಲಿನ ವಾರ್ಡು ಹೊಗೆಯಿಂದ ತುಂಬಿರುತ್ತದೆ. ಆದ್ದರಿಂದಲೇ ಆಸ್ಪತ್ರೆ, ಹೋಟೆಲಿನಂಥ ಜನ ಮಲಗುವ ಕಟ್ಟಡಗಳಲ್ಲಿ ಲಿಂಕ್ ಒಂದನ್ನೇ ನಂಬಬಾರದು. ಹೊಗೆ ಗುರುತಿಸುವ ಡಿಟೆಕ್ಟರ್‌ಗೆ ಜೋಡಿಸಿದ, ಮೋಟಾರಿನಿಂದ ನಡೆಯುವ ಡ್ಯಾಂಪರ್ ಬೇಕು. ಮೋಟಾರು ಬ್ಲೇಡ್ ತೆರೆದು ಹಿಡಿದಿರುತ್ತದೆ. ಡಿಟೆಕ್ಟರ್ ಸೂಚನೆ ಕೊಟ್ಟರೆ ಅಥವಾ ಕರೆಂಟು ಹೋದರೆ ಸ್ಪ್ರಿಂಗ್ ತಾನಾಗಿ ಮುಚ್ಚುತ್ತದೆ. ಡಕ್ಟ್‌ಗೆ ಗಾಳಿ ತಳ್ಳುವ ಯಂತ್ರ, ಅಂದರೆ ಎಎಚ್‌ಯು ಕೂಡ ಅದೇ ಸೂಚನೆಗೆ ನಿಲ್ಲಬೇಕು. ಬೆಲೆ ಹೆಚ್ಚು ಎಂದು ಮೊದಲು ಕತ್ತರಿ ಬೀಳುವುದು ಈ ಡ್ಯಾಂಪರಿಗೇ. ಅಂಥ ಸಭೆಯಲ್ಲಿ ನೀವು ಕೂತಿದ್ದರೆ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದರೂ, ಇದನ್ನು ಕೈಬಿಡುವುದು ಬೇಡ ಎಂದು ಹೇಳಿ. ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ಹಾಗೆಂದು ಎಲ್ಲ ಡಕ್ಟ್‌ಗೂ ಡ್ಯಾಂಪರ್ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ಹೊಗೆ ಹೊರಹಾಕುವ ಡಕ್ಟ್‌ನಲ್ಲಿ ಶಾಖಕ್ಕೆ ಮುಚ್ಚಿಕೊಳ್ಳುವ ಡ್ಯಾಂಪರ್ ಇಟ್ಟರೆ ಹೊಗೆ ಹೋಗುವ ಬಾಗಿಲನ್ನೇ ಮುಚ್ಚಿದಂತೆ. ಹೋಟೆಲ್ ಅಡುಗೆಮನೆಯ ಜಿಡ್ಡುಹೊಗೆಯ ಡಕ್ಟ್‌ನಲ್ಲಿ ಬ್ಲೇಡ್‌ಗೆ ಜಿಡ್ಡು ಕಟ್ಟಿ ಅಲುಗದಂತಾಗುತ್ತದೆ. ಅಲ್ಲಿ ಡಕ್ಟನ್ನೇ ಬೆಂಕಿ ತಡೆಯುವ ಪ್ರತ್ಯೇಕ ಶಾಫ್ಟ್‌ನಲ್ಲಿ ಕೊಂಡೊಯ್ಯಬೇಕು. ನಿಯಮದ ಪುಸ್ತಕ ತೆರೆದಾಗ ಕಾರಣವನ್ನೂ ಓದಿ ಎಂದು ಹೇಳುವುದು ಇದಕ್ಕೇ.

ಇನ್ನು ಸೈಟಿನ ಮಾತು. ಒಮ್ಮೆ ಒಂದು ಕಚೇರಿ ಕಟ್ಟಡದಲ್ಲಿ ಫಾಲ್ಸ್ ಸೀಲಿಂಗಿನ ಹಲಗೆ ಸರಿಸಿ ಟಾರ್ಚ್ ಹಿಡಿದು ನೋಡಿದೆ. ಡ್ಯಾಂಪರ್ ಇತ್ತು, ಪ್ರಮಾಣಪತ್ರದ ಚೀಟಿಯೂ ಅದರ ಮೇಲಿತ್ತು. ಆದರೆ ಅದು ಗೋಡೆಯ ಒಳಗಿರಲಿಲ್ಲ, ಗೋಡೆಯಿಂದ ಒಂದು ಮೊಳ ಈಚೆ ಡಕ್ಟ್‌ನಲ್ಲಿ ತೂಗಾಡುತ್ತಿತ್ತು. ಬೆಂಕಿಗೆ ತಗಡಿನ ಡಕ್ಟ್ ಸೊಟ್ಟಗಾಗಿ ಬಿದ್ದರೆ ಡ್ಯಾಂಪರ್ ಕೂಡ ಅದರ ಜೊತೆ ಬೀಳುತ್ತದೆ, ಗೋಡೆಯ ಬಾಯಿ ತೆರೆದೇ ಉಳಿಯುತ್ತದೆ. ಡ್ಯಾಂಪರಿನ ಬ್ಲೇಡ್ ಗೋಡೆಯ ದಪ್ಪದೊಳಗೇ ನಿಲ್ಲಬೇಕು, ಅದರ ಸ್ಲೀವ್ ಗೋಡೆಯನ್ನೇ ಹಿಡಿದಿರಬೇಕು, ಡಕ್ಟ್‌ನ ಜೋಡಣೆ ಶಾಖಕ್ಕೆ ಸುಲಭವಾಗಿ ಕಳಚಿಕೊಳ್ಳುವಂತಿರಬೇಕು. ಪಕ್ಕದ ಡ್ಯಾಂಪರಿನ ಸ್ಥಿತಿ ಇನ್ನೂ ಕೆಟ್ಟದಿತ್ತು. ಯಾವಾಗಲೋ ಅದು ತಾನಾಗಿ ಮುಚ್ಚಿಕೊಂಡು ಒಳಗಿದ್ದವರು ಎ.ಸಿ. ಬರುತ್ತಿಲ್ಲವೆಂದು ದೂರಿದ್ದರಂತೆ. ಬಂದವರು ಬ್ಲೇಡ್‌ಗಳನ್ನು ಮೇಲೆತ್ತಿ ಬೈಂಡಿಂಗ್ ವೈರಿನಲ್ಲಿ ಬಿಗಿದು ಕಟ್ಟಿ ಹೋಗಿದ್ದರು. ಆ ತಂತಿ 72 ಡಿಗ್ರಿಗೂ ಕರಗದು, 700 ಡಿಗ್ರಿಗೂ ಕರಗದು. ಕಟ್ಟಿದ ಹುಡುಗನನ್ನು ನಾನು ದೂರುವುದಿಲ್ಲ. ಆ ಚೌಕಟ್ಟು ಯಾಕಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೇಬಲ್ ಶಾಫ್ಟ್‌ಗಳ ಕಥೆಯೂ ಇದೇ. ಪ್ರತಿ ಮಹಡಿಯ ಮಟ್ಟದಲ್ಲೂ ಕೇಬಲ್‌ಗಳ ಸುತ್ತ ಬೆಂಕಿ ತಡೆಯುವ ಗಾರೆ ಅಥವಾ ಶಾಖಕ್ಕೆ ಉಬ್ಬಿ ಸಂದು ತುಂಬುವ ಸೀಲಂಟ್ ಹಾಕಿ ಮುಚ್ಚಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾದಾ ಫೋಮ್ ಸಿಂಪಡಿಸಿ ಮುಚ್ಚಿದಂತೆ ತೋರಿಸುವುದುಂಟು. ಆ ಫೋಮ್ ತಾನೇ ಹತ್ತಿ ಉರಿಯುತ್ತದೆ.

ತಪ್ಪು ಹುಟ್ಟುವ ಜಾಗ ಬೇರೆಯೇ ಇದೆ. ವಾಸ್ತುಶಿಲ್ಪಿ ಗೋಡೆ ಬರೆಯುತ್ತಾರೆ, ಮೆಕ್ಯಾನಿಕಲ್‌ನವರು ಡಕ್ಟ್ ಬರೆಯುತ್ತಾರೆ, ಎಲೆಕ್ಟ್ರಿಕಲ್‌ನವರು ಟ್ರೇ ಬರೆಯುತ್ತಾರೆ, ಸಿವಿಲ್‌ನವರು ಕಟ್ಟಿಸುತ್ತಾರೆ. ಇವೆಲ್ಲ ಒಂದನ್ನೊಂದು ದಾಟುವ ಜಾಗದ ತೂತು ಯಾರ ನಕ್ಷೆಯಲ್ಲೂ ಇರುವುದಿಲ್ಲ. ಅದು ಎಲ್ಲರದೂ ಆಗಿರುವುದರಿಂದ ಯಾರದೂ ಅಲ್ಲ. ನನ್ನ ಅನುಭವದಲ್ಲಿ ಈ ಒಂದು ಕಾರಣ, ಲಂಚ ಮತ್ತು ಕಳಪೆ ಮಾಲು ಎರಡೂ ಸೇರಿ ಮಾಡುವಷ್ಟು ಹಾನಿ ಮಾಡುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಭಾಗ 4 ಪೂರ್ತಿಯಾಗಿ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲಾಗಿದೆ. ನಮ್ಮಲ್ಲಿ ನಿಯಮಕ್ಕೆ ಕೊರತೆಯಿಲ್ಲ. ತೂತಿನ ಲೆಕ್ಕ ಇಡುವವರಿಲ್ಲ. ಇಂದು ನಾಲ್ಕೂ ವಿಭಾಗದವರು ಒಂದೇ ಪೆಂಡಾಲಿನಲ್ಲಿ ಕೂತಿದ್ದೀರಿ. ನಾಳೆ ಸೈಟಿನಲ್ಲಿ ಸೇರಿದಾಗ, ಬೆಂಕಿ ತಡೆಯುವ ಗೋಡೆಗಳ ಮೇಲಿನ ಪ್ರತಿಯೊಂದು ತೂತಿಗೂ ಒಂದು ಸಂಖ್ಯೆ ಕೊಟ್ಟು, ಪಟ್ಟಿ ಮಾಡಿ, ಅದನ್ನು ಮುಚ್ಚಿಸುವ ಹೊಣೆ ಯಾರದೆಂದು ಹೆಸರು ಬರೆದುಕೊಳ್ಳಿ.

ಕಟ್ಟಡ ಹಸ್ತಾಂತರಿಸಿದ ಮೇಲೂ ಕೆಲಸವಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಮಾನದಂಡದ ಪ್ರಕಾರ ಡ್ಯಾಂಪರನ್ನು ಅಳವಡಿಸಿದ ಒಂದು ವರ್ಷಕ್ಕೆ ಪರೀಕ್ಷಿಸಬೇಕು, ಆಮೇಲೆ 4 ವರ್ಷಕ್ಕೊಮ್ಮೆ, ಆಸ್ಪತ್ರೆಗಳಲ್ಲಿ 6 ವರ್ಷಕ್ಕೊಮ್ಮೆ. ನಮ್ಮ ದೂಳಿಗೆ ನಾನಾದರೆ ವರ್ಷಕ್ಕೊಮ್ಮೆ ಬೀಳಿಸಿ ನೋಡಿ ಎನ್ನುತ್ತೇನೆ. ನೋಡಬೇಕೆಂದರೆ ಡಕ್ಟ್‌ನಲ್ಲಿ ಕೈ ಹಾಕುವಷ್ಟು ಬಾಗಿಲು ಬೇಕು, ಅದರ ನೇರಕ್ಕೆ ಸೀಲಿಂಗಿನಲ್ಲೂ ತೆರೆಯುವ ಹಲಗೆ ಬೇಕು. ಒಳಾಂಗಣ ವಿನ್ಯಾಸಕರು ಅಂದ ಕೆಡುತ್ತದೆಂದು ಅದನ್ನು ತೆಗೆಸಲು ನೋಡುತ್ತಾರೆ. ಬಿಟ್ಟುಕೊಡಬೇಡಿ.

ಇನ್ನು ಕೆಲವೇ ತಿಂಗಳಲ್ಲಿ ನಿಮ್ಮ ಮುಂದೆ ಒಂದು ಕಾಗದ ಬರುತ್ತದೆ. ‘ಎಲ್ಲ ಡ್ಯಾಂಪರ್‌ಗಳನ್ನೂ ಪರಿಶೀಲಿಸಲಾಗಿದೆ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ, ಕೆಳಗೆ ಸಹಿಗೆ ಜಾಗವಿರುತ್ತದೆ. ಮೇಲಿನವರು ಅವಸರ ಮಾಡುತ್ತಾರೆ, ಉದ್ಘಾಟನೆಗೆ ದಿನ ಗೊತ್ತಾಗಿರುತ್ತದೆ. ಆ ದಿನ ಪೆನ್ನು ತೆಗೆಯುವ ಮೊದಲು ಏಣಿ ತರಿಸಿ. ಮೇಲೆ ಹತ್ತಿ, ಲಿಂಕ್ ಬಿಡಿಸಿ, ಬ್ಲೇಡ್ ಪೂರ್ತಿ ಬೀಳುವುದನ್ನು ಕಣ್ಣಾರೆ ನೋಡಿ, ಮತ್ತೆ ಹೊಂದಿಸಿ, ಇಳಿದು ಬಂದು ಸಹಿ ಮಾಡಿ. ಬೀಳದಿದ್ದರೆ ಸಹಿ ಮಾಡಬೇಡಿ.