ವರದೆಯ ನೀರು, ಮಣ್ಣಿನ ಗೋಡೆ, ವಿಮೆಯ ಪತ್ರ



ನಮ್ಮ ಮಲೆನಾಡಿನಲ್ಲಿ ಬಿದ್ದ ಮಳೆ ನಮ್ಮಲ್ಲಿಯೇ ನಿಲ್ಲುವುದಿಲ್ಲ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ ಹಾವೇರಿಯ ಬಯಲಿಗಿಳಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಕುಮುದ್ವತಿಯೂ ಶಿವಮೊಗ್ಗ ಜಿಲ್ಲೆಯಿಂದ ಹೊರಟು ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅದೇ ತುಂಗಭದ್ರೆಗೆ ಕೂಡುತ್ತಾಳೆ. ಆದುದರಿಂದ ಹಾವೇರಿಯಲ್ಲಿ ಆಕಾಶ ತಿಳಿಯಾಗಿದ್ದರೂ ನದಿ ಉಕ್ಕಬಹುದು. 2019ರ ಆಗಸ್ಟ್‌ನಲ್ಲಿ ಆ ಜಿಲ್ಲೆಯ ಸಾವಿರಾರು ಮನೆಗಳು ನೆರೆ ಮತ್ತು ಮಳೆಗೆ ಹಾನಿಗೊಂಡವು.

ನೆರೆ ಇಳಿದೊಡನೆ ಅಪಾಯ ತೀರಿತೆಂದು ತಿಳಿಯಬಾರದು. ಕಪ್ಪುಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ತಳಪಾಯ ಅಲುಗುತ್ತದೆ. ನೆನೆದ ಮಣ್ಣಿನ ಗೋಡೆ ತನ್ನ ಮೇಲಿನ ಮಾಳಿಗೆಯ ಭಾರವನ್ನೇ ತಾಳಲಾರದೆ ಕುಸಿಯುತ್ತದೆ. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಒಂದೇ ಕುಟುಂಬದ ಮೂವರು ಮೃತಪಟ್ಟರು. ಮನೆಗೆ ನದಿಯೇ ನುಗ್ಗಬೇಕೆಂದಿಲ್ಲ.

ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಕೆಲಸಗಳು ಸರಳವಾಗಿವೆ. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿ ಚರಂಡಿ ತೋಡಬೇಕು. ಮಾಳಿಗೆಯ ಬಿರುಕುಗಳನ್ನು ಬೇಸಗೆಯಲ್ಲಿಯೇ ಮುಚ್ಚಬೇಕು. ಹೊಸ ಮನೆ ಕಟ್ಟುವವರು ಹಿಂದಿನ ನೆರೆಯ ಗುರುತಿಗಿಂತ ಎತ್ತರಕ್ಕೆ ಕಲ್ಲಿನ ಅಡಿಪಾಯವನ್ನು ಏರಿಸಬೇಕು. ವಿದ್ಯುತ್ ಸ್ವಿಚ್ಚುಗಳು, ಬಿತ್ತನೆ ಬೀಜ, ದಾಖಲೆಗಳು ಎತ್ತರದಲ್ಲಿರಲಿ. ವಾಲಿದ ಅಥವಾ ನೆನೆದ ಗೋಡೆಯ ಮಗ್ಗುಲಲ್ಲಿ ಯಾರೂ ಮಲಗಕೂಡದು.

ಇನ್ನು ವಿಮೆಯ ವಿಚಾರ. ಹೊಲದ ಬೆಳೆಗೆ ವಿಮೆ ಮಾಡಿಸುವುದು ನಮ್ಮ ರೈತರಿಗೆ ರೂಢಿಯಾಗಿದೆ. ಆದರೆ ಆ ವಿಮೆ ಮನೆಗೆ ಅನ್ವಯಿಸುವುದಿಲ್ಲ. ಮನೆ ಬಿದ್ದರೆ ಸರ್ಕಾರ ಕೊಡುತ್ತದೆಂಬ ನಂಬಿಕೆಯೇ ಹೆಚ್ಚು. 2019ರಲ್ಲಿ ಪೂರ್ಣ ಕುಸಿದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. 2022ರ ಕೇಂದ್ರ ಮಾನದಂಡದಲ್ಲಿ ಬಯಲುಸೀಮೆಯ ಅಂಥ ಮನೆಗೆ ನಿಗದಿಯಾದುದು 1.20 ಲಕ್ಷ ಮಾತ್ರ. ನಷ್ಟ ಒಂದೇ ಆದರೂ ಪರಿಹಾರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ವಿಮೆಯಾದರೋ ಬರಹದ ಕರಾರು.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹಗಳೊಂದಿಗೆ ಭೂಕುಸಿತವೂ ಅದರಲ್ಲಿ ಸೇರಿದೆ. ಗುಡ್ಡದ ಬುಡದಲ್ಲಿರುವ ನಾವು ಇದನ್ನು ಗಮನಿಸಬೇಕು. ಜಾಗದ ಬೆಲೆಯನ್ನು ಲೆಕ್ಕಿಸದೆ, ಮನೆಯನ್ನು ಮರಳಿ ಕಟ್ಟುವ ವೆಚ್ಚಕ್ಕೆ ವಿಮೆ ಮಾಡಿಸಬೇಕು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಗೃಹೋಪಯೋಗಿ ಸಾಮಾನುಗಳಿಗೂ ರಕ್ಷಣೆ ದೊರೆಯುತ್ತದೆ.

ಮಿತಿಗಳನ್ನೂ ಹೇಳಬೇಕು. ನದಿ ದಂಡೆಯ ಕೊರೆತ, ಹೊಸ ಕಟ್ಟಡ ತಾನಾಗಿ ಕುಸಿದು ಕೂರುವುದು, ಕಳಪೆ ಕಾಮಗಾರಿ ಇವುಗಳಿಂದಾದ ಕುಸಿತಕ್ಕೆ ಪರಿಹಾರವಿಲ್ಲ. ಬ್ಯಾಡಗಿ ಪೇಟೆಗೆಂದು ಮನೆಯಲ್ಲಿ ಕೂಡಿಟ್ಟ ಮೆಣಸಿನಕಾಯಿ ಚೀಲಗಳು ಗೃಹೋಪಯೋಗಿ ಸಾಮಾನಲ್ಲ. ಅವುಗಳಿಗೆ ಬೇರೆ ವಿಮೆ ಬೇಕು. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮಾಡು ಹೆಂಚಿನದೋ ಹುಲ್ಲಿನದೋ ಎಂಬುದನ್ನು ಅರ್ಜಿಯಲ್ಲಿ ಇದ್ದಂತೆಯೇ ಬರೆಯಿಸಿರಿ. ಮುಚ್ಚಿಟ್ಟರೆ ಪರಿಹಾರದ ವೇಳೆ ಅದೇ ಮುಳ್ಳಾಗುತ್ತದೆ.

ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಪಂಚಾಯಿತಿಯಲ್ಲಿ ಹೆಸರು ಬದಲಾಯಿಸಿಕೊಳ್ಳಿರಿ. ಸರ್ಕಾರದ ಪರಿಹಾರಕ್ಕೂ ವಿಮೆಗೂ ಅದೇ ಆಧಾರ. ಮನೆಯ ಒಳಹೊರಗಿನ ಚಿತ್ರಗಳನ್ನು ಈಗಲೇ ತೆಗೆದಿಡಿರಿ. ಹಾನಿಯಾದರೆ ತಡಮಾಡದೆ ಕಂಪನಿಗೂ ಗ್ರಾಮ ಆಡಳಿತಾಧಿಕಾರಿಗೂ ತಿಳಿಸಿ, ಸರ್ವೇಯರ್ ನೋಡುವ ಮುನ್ನ ಅವಶೇಷವನ್ನು ತೆಗೆಯದಿರಿ. ಪ್ರಾಣಾಪಾಯವಿದ್ದರೆ ಮಾತ್ರ ಚಿತ್ರ ತೆಗೆದುಕೊಂಡು ತೆರವು ಮಾಡಿರಿ. ಕ್ಲೇಮು ಅರ್ಜಿಯನ್ನು 30 ದಿನಗಳೊಳಗೆ ಸಲ್ಲಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ವಹಿಸುತ್ತೇನೆ. 2019ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ನದಿಪಾತ್ರದ ಊರುಗಳ ಹಿರಿಯರಿಂದ ಕೇಳಿ, ಶಾಲೆಯ ಗೋಡೆಯ ಮೇಲೆ ಗುರುತು ಹಾಕಿರಿ. ನಮ್ಮ ಹಳ್ಳ ಉಕ್ಕಿದ ದಿನ ಕೆಳಗಿನ ಬಂಧುಗಳಿಗೆ ಫೋನು ಮಾಡಿರಿ. ಮೇಲಿನ ಕಾಡನ್ನೂ ಕೆರೆಯನ್ನೂ ಉಳಿಸಿಕೊಂಡರೆ ಆ ನೀರು ತುಸು ನಿಧಾನವಾಗಿ ಅವರ ಹೊಸ್ತಿಲನ್ನು ತಲುಪುತ್ತದೆ. ಅಷ್ಟು ಹೊತ್ತಿನಲ್ಲಿ ಒಂದು ಮನೆಯವರು ಮಕ್ಕಳೊಂದಿಗೆ ಹೊರಬರಬಹುದು.