ಕೂಸಿಗೊಂದು ಲಸಿಕೆ



ಎಳೆಯ ಕೂಸಿಗೆ ಭೇದಿ ಹತ್ತಿದರೆ ಅದರ ಮೈಯ ನೀರೂ ಲವಣವೂ ಬತ್ತಿಹೋಗುತ್ತವೆ, ಪ್ರಾಣಾಪಾಯವಿರುವುದು ಅಲ್ಲಿಯೇ. ಲವಣವನ್ನೂ ಗ್ಲೂಕೋಸನ್ನೂ ಬೆರೆಸಿದ ನೀರನ್ನು ಕುಡಿಸಿ ಈ ನಷ್ಟವನ್ನು ತುಂಬಬಹುದೆಂದು 1968ರಲ್ಲಿ ಢಾಕಾ ನಗರದ ಕಾಲರಾ ಸಂಶೋಧನಾಲಯದ ವೈದ್ಯರು ತೋರಿಸಿಕೊಟ್ಟರು. ಆದರೆ ಬಂದ ರೋಗಕ್ಕೆ ಉಪಚಾರ ಮಾಡುವುದು ಬೇರೆ, ರೋಗವೇ ಬಾರದಂತೆ ತಡೆಯುವುದು ಬೇರೆ. ಈ ಎರಡನೆಯ ಕಾರ್ಯಕ್ಕಾಗಿ ಅದೇ ಊರಿನಲ್ಲಿ ನಡೆದ ಒಂದು ಪರೀಕ್ಷೆಯನ್ನು ಇಂದು ನಾವು ವಿಚಾರಮಾಡೋಣ.

ಮಕ್ಕಳ ಭೇದಿಗೆ ಕಾರಣವಾದ ರೋಗಾಣುಗಳಲ್ಲಿ ವಿಷವನ್ನುಂಟುಮಾಡುವ ಈ-ಕೋಲೈ ಎಂಬುದು ಮುಖ್ಯವಾದುದು. ಇದು ಕೂದಲಿನಂಥ ಎಳೆಗಳಿಂದ ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಸುರಿಸುತ್ತದೆ. ಕರುಳು ನೀರನ್ನು ಹೊರಚೆಲ್ಲುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು ಈ ಎಳೆಗಳನ್ನು ಹೇರಳವಾಗಿ ಹೊತ್ತ ರೋಗಾಣುಗಳನ್ನು ಕೊಂದು, ವಿಷದ ನಿರಪಾಯವಾದ ಅಂಶವೊಂದನ್ನು ಅವಕ್ಕೆ ಕೂಡಿಸಿ, ಕುಡಿಯುವ ಲಸಿಕೆಯನ್ನು ಸಿದ್ಧಪಡಿಸಿದರು. ಅದರ ಹೆಸರು ಈಟಿವ್ಯಾಕ್ಸ್.

ಇದನ್ನು ಮೊದಲು ಕುಡಿದವರು ಸ್ವೀಡನ್ನಿನ ವಯಸ್ಕರು. ಅನಂತರ ಢಾಕಾದ ವಯಸ್ಕರು. ಮಕ್ಕಳ ಸರದಿ ಬಂದುದು ಆಮೇಲೆಯೇ. ಅಲ್ಲಿಯೂ ಎರಡರಿಂದ ಐದು ವರ್ಷದವರು ಮೊದಲು, ಒಂದರಿಂದ ಎರಡು ವರ್ಷದವರು ಬಳಿಕ, ಆರು ತಿಂಗಳಿನಿಂದ ಒಂದು ವರ್ಷದ ಕೂಸುಗಳು ಕಡೆಗೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಪೂರ್ಣ ಪ್ರಮಾಣದ ಸಣ್ಣ ಭಾಗದಿಂದಲೇ ಆರಂಭ. ಅದು ಸುರಕ್ಷಿತವೆಂದು ಕಂಡ ಮೇಲೆ ಮುಂದಿನ ಹೆಜ್ಜೆ. ಯಾವ ಮಗುವಿಗೆ ಲಸಿಕೆ, ಯಾವುದಕ್ಕೆ ಬರಿಯ ದ್ರವ ಎಂಬುದು ತಾಯಿತಂದೆಗಳಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. ಹೀಗಾದರೆ ಮಾತ್ರ ಆಸೆಯು ಕಣ್ಣನ್ನು ಮೋಸಗೊಳಿಸಲಾರದು.

ಇಷ್ಟೊಂದು ನಿಧಾನವೇಕೆಂದು ಕೇಳಬಹುದು. ವಯಸ್ಕನು ತನ್ನ ಸಮ್ಮತಿಯನ್ನು ತಾನೇ ಕೊಡಬಲ್ಲನು, ಕೂಸು ಕೊಡಲಾರದು. ಅದರ ಪರವಾಗಿ ತಾಯಿತಂದೆಗಳು ಕೊಡುತ್ತಾರೆ. ಆರೋಗ್ಯವಾಗಿರುವ ಮಗುವನ್ನು ನಂಬಿ ಒಪ್ಪಿಸಿದವರಿಗೆ ವಿಜ್ಞಾನವು ಸಲ್ಲಿಸಬೇಕಾದ ಋಣವೇ ಈ ನಿಧಾನ.

2020ರಲ್ಲಿ ಫಲಿತಾಂಶವು ಪ್ರಕಟವಾಯಿತು. ಮಕ್ಕಳಲ್ಲಿ ಕಂಡ ತೊಂದರೆಗಳಲ್ಲಿ ವಾಂತಿಯೇ ಮುಖ್ಯವಾದುದು. ತೊಂದರೆಗಳು ಬಹುಮಟ್ಟಿಗೆ ಸೌಮ್ಯವಾಗಿದ್ದವು. ಬಹುಪಾಲು ಮಕ್ಕಳಲ್ಲಿ ರೋಗನಿರೋಧಕ ಪ್ರತಿಕಾಯಗಳು ಹುಟ್ಟಿದ್ದವು. ಆದರೆ ಪ್ರತಿಕಾಯ ಹುಟ್ಟಿದೊಡನೆ ಭೇದಿ ತಪ್ಪಿತೆಂದು ಹೇಳುವಂತಿಲ್ಲ. ಬೀಜ ಮೊಳೆತುದನ್ನು ಕಂಡು ಕಣಜವನ್ನು ಅಳೆಯುವ ರೈತನುಂಟೆ? ಲಸಿಕೆಯು ರೋಗವನ್ನು ತಡೆಯುವುದೋ ಎಂಬ ಪ್ರಶ್ನೆಯನ್ನು ಹೊತ್ತು ಆಫ್ರಿಕದ ಗ್ಯಾಂಬಿಯಾ ದೇಶದ ಮಕ್ಕಳಲ್ಲಿ ಹೆಚ್ಚು ದೊಡ್ಡ ಪರೀಕ್ಷೆ ನಡೆಯಬೇಕಾಯಿತು.

ಹೊಸ ಲಸಿಕೆಯ ವಾರ್ತೆ ಕಿವಿಗೆ ಬಿದ್ದಾಗ, ಪರೀಕ್ಷೆಯು ಯಾವ ಮೆಟ್ಟಿಲಿನಲ್ಲಿದೆಯೆಂದು ನಾವು ಮೊದಲು ಕೇಳೋಣ. ಅದುವರೆಗೆ ಶುದ್ಧವಾದ ನೀರು, ತೊಳೆದ ಕೈ, ತಾಯಿಯ ಹಾಲು, ಲವಣದ ನೀರು ಇವನ್ನು ಕೈಬಿಡದಿರೋಣ.